ಪ್ರಕಾಶನದ ಎಂ.ಎ.ಗೆ ಅರ್ಜಿ ಹಾಕುತ್ತಿದ್ದೀರಾ? ಎಸ್‌ಒಪಿ ಹೀಗೆ ಬರೆಯಿರಿ

ಒಳ್ಳೇ ಅಂಕ ತೆಗೆದವರೂ ಎಸ್‌ಒಪಿಯಲ್ಲಿ, ಅಂದರೆ ಈ ಕೋರ್ಸ್ ಯಾಕೆ ಬೇಕು ಎಂದು ಅರ್ಜಿಯ ಜೊತೆ ಬರೆದು ಕಳಿಸುವ ಉದ್ದೇಶಪತ್ರದಲ್ಲಿ (ಸ್ಟೇಟ್‌ಮೆಂಟ್ ಆಫ್ ಪರ್ಪಸ್), ಎಡವುತ್ತಾರೆ. ಇಂಥ ಎಷ್ಟೋ ಕರಡುಗಳನ್ನು ಓದಿದ್ದೇನೆ. ಹೆಚ್ಚಿನವು ಶುರುವಾಗುವುದೇ ‘ಚಿಕ್ಕಂದಿನಿಂದಲೂ ನನಗೆ ಪುಸ್ತಕ ಅಂದರೆ ಪ್ರಾಣ’ ಎಂದು.

ಹಂತ 1: ಕೋರ್ಸ್ ಆರಿಸಿ. ಕಥೆ, ಕವಿತೆ ಬರೆಯುವುದೇ ಮುಖ್ಯವಾದರೆ ಎಂ.ಎಫ್.ಎ. (ಸೃಜನಶೀಲ ಬರವಣಿಗೆಯ ಸ್ನಾತಕೋತ್ತರ ಪದವಿ) ನೋಡಿ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ರೈಟರ್ಸ್ ವರ್ಕ್‌ಶಾಪ್ 1936ರಿಂದ ಬರವಣಿಗೆ ಕಲಿಸುತ್ತಿದೆ. ಹಸ್ತಪ್ರತಿ ಪುಸ್ತಕವಾಗಿ ಓದುಗರ ಕೈ ಸೇರುವವರೆಗಿನ ಕೆಲಸ, ಅಂದರೆ ಸಂಪಾದನೆ, ವಿನ್ಯಾಸ, ಹಕ್ಕುಗಳ ಮಾರಾಟ, ಪ್ರಚಾರ ಕಲಿಯಬೇಕಾದರೆ ಪ್ರಕಾಶನದ ಕೋರ್ಸ್ ಬೇಕು. ಬಾಸ್ಟನ್‌ನ ಎಮರ್ಸನ್ ಕಾಲೇಜು, ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯ ಈ ವಿಷಯಕ್ಕೆ ಹೆಸರಾದವು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 1 ವರ್ಷ, ಅಮೆರಿಕದಲ್ಲಿ ಹೆಚ್ಚಾಗಿ 2. ಅಷ್ಟು ಸಮಯ ಇಲ್ಲ ಅನ್ನುವವರು 1947ರಲ್ಲಿ ಅಮೆರಿಕದ ರ‍್ಯಾಡ್‌ಕ್ಲಿಫ್‌ ಕಾಲೇಜಿನಲ್ಲಿ ಶುರುವಾದ ಕೊಲಂಬಿಯಾ ಪಬ್ಲಿಷಿಂಗ್ ಕೋರ್ಸ್ ನೋಡಬಹುದು. ಕೆಲವೇ ವಾರಗಳ ತರಬೇತಿ, ಆದರೆ ಪದವಿ ಸಿಗುವುದಿಲ್ಲ.

ಹಂತ 2: ಶಿಫಾರಸು ಪತ್ರಗಳನ್ನು ಬೇಗ ಕೇಳಿಡಿ.

ಹಂತ 3: ಎಸ್‌ಒಪಿ. ಪುಸ್ತಕಪ್ರೀತಿಯ ಸಾಲುಗಳನ್ನೆಲ್ಲ ತೆಗೆದುಹಾಕಿ. ಅರ್ಜಿ ಹಾಕುವ ಎಲ್ಲರಿಗೂ ಅದು ಇದ್ದೇ ಇರುತ್ತದೆ ಅಲ್ವಾ? ಆ ಜಾಗದಲ್ಲಿ ನೀವು ಮಾಡಿದ ಒಂದು ಕೆಲಸ ಬರೆಯಿರಿ. ಕಾಲೇಜು ಸಂಚಿಕೆಯ ಕರಡು ತಿದ್ದಿದ್ದೀರಾ? ಯಾವ ಪ್ಯಾರಾ ಕತ್ತರಿಸಿದಿರಿ, ಯಾಕೆ, ಬರೆದವರನ್ನು ಹೇಗೆ ಒಪ್ಪಿಸಿದಿರಿ? ಇದಕ್ಕೆ ಅರ್ಧ ಪುಟ ಕೊಟ್ಟರೂ ಜಾಸ್ತಿಯಲ್ಲ.

ಆಮೇಲೆ ಆ ಕೆಲಸದಿಂದ ಹುಟ್ಟಿದ ಒಂದು ಪ್ರಶ್ನೆ ಇಡಿ. ಅನುವಾದಕರ ಹೆಸರು ಎಷ್ಟೋ ಮುಖಪುಟಗಳಲ್ಲಿ ಯಾಕಿಲ್ಲ? ಅಂಗಡಿಯಿಂದ ವಾಪಸ್ ಬಂದ ಪ್ರತಿಗಳ ನಷ್ಟ ಯಾರು ಹೊರಬೇಕು? ಅದಕ್ಕೆ ಉತ್ತರ ಹುಡುಕಲು ಆ ವಿಭಾಗದ ಯಾವ ಪಾಠ ನೆರವಾಗುತ್ತದೆ ಎಂದು ಹೆಸರಿಟ್ಟು ಹೇಳಿ. ‘ನಿಮ್ಮ ವಿಶ್ವವಿಖ್ಯಾತ ಸಂಸ್ಥೆ’ ಅಂತ ಸುಮ್ನೆ ಹೊಗಳಬೇಡಿ. ಈ ಪ್ಯಾರಾವನ್ನು ಪ್ರತಿ ವಿಶ್ವವಿದ್ಯಾಲಯಕ್ಕೂ ಹೊಸದಾಗಿಯೇ ಬರೆಯಬೇಕು.

ದುಡ್ಡು ತೆಗೆದುಕೊಂಡು ಎಸ್‌ಒಪಿ ಬರೆದುಕೊಡುವವರ ಹತ್ತಿರ ಹೋಗಲೇಬೇಡಿ. ಅವರದು ಒಂದೇ ಅಚ್ಚು, ಹೆಸರು ಮಾತ್ರ ಬೇರೆ. ನಿಮ್ಮ ಅರ್ಜಿ ಓದುವವರಲ್ಲಿ ಸಂಪಾದಕರಾಗಿ ದುಡಿದವರಿರುತ್ತಾರೆ; ಬೇರೆಯವರ ಕೈ ಅವರಿಗೆ ಬೇಗ ತಿಳಿಯುತ್ತದೆ.

ಹಂತ 4: ಬರಹದ ಮಾದರಿ. ಹೊಸದಕ್ಕಿಂತ, ಹೆಚ್ಚು ಸಲ ತಿದ್ದಿದ್ದನ್ನು ಕಳಿಸಿ. ಬೇರೆ ಸೂಚನೆ ಇಲ್ಲದಿದ್ದರೆ 12 ಪಾಯಿಂಟ್ ಅಕ್ಷರ, ಡಬಲ್ ಸ್ಪೇಸ್. ಪುಟಮಿತಿ ದಾಟಬೇಡಿ. ಪ್ರಿಂಟ್ ತೆಗೆದು ಜೋರಾಗಿ ಓದಿ. ಪರದೆಯ ಮೇಲೆ ಕಾಣದ ತಪ್ಪು ಕಾಗದದ ಮೇಲೆ ಸಿಗುತ್ತದೆ.

ಕೊನೆಯ ದಿನದ ಗಡುವು ಯಾವ ದೇಶದ ಸಮಯದ್ದು ಎಂದು ನೋಡಿಕೊಂಡು, ಒಂದು ದಿನ ಮುಂಚೆಯೇ ಅರ್ಜಿ ಕಳಿಸಿ.