ಮನೆತನವೇ ದಪ್ಪ ಅಂದರೆ ಎಲ್ಲಿಂದ ಶುರು ಮಾಡಬೇಕು?

"ನಮ್ಮದು ಮನೆತನದ ಮೈ ಕಣ್ರೀ." ಮದುವೆ ಊಟದ ಪಂಕ್ತಿಯಲ್ಲಿ ಹೋಳಿಗೆ ಎರಡನೇ ಸಲ ಬಂದಾಗ ಈ ಮಾತು ಬರುತ್ತೆ, ಅಲ್ವಾ? ಪೂರ್ತಿ ಸುಳ್ಳೇನಲ್ಲ. ಕೆನಡಾದ ವಿಜ್ಞಾನಿ ಕ್ಲೋಡ್ ಬುಷಾರ್ 12 ಜೋಡಿ ತದ್ರೂಪಿ ಅವಳಿ ಹುಡುಗರಿಗೆ ವಾರಕ್ಕೆ 6 ದಿನದ ಹಾಗೆ ಒಟ್ಟು 84 ದಿನ, ದಿನಕ್ಕೆ 1000 ಕ್ಯಾಲೊರಿ ಜಾಸ್ತಿ ತಿನ್ನಿಸಿ ನೋಡಿದರು. ಫಲಿತಾಂಶ ಬಂದಿದ್ದು 1990ರಲ್ಲಿ. ಒಬ್ಬ 4 ಕೆಜಿ ಚಿಲ್ಲರೆ ಏರಿದ, ಇನ್ನೊಬ್ಬ 13 ಕೆಜಿ ದಾಟಿದ. ಆದರೆ ಅವಳಿ ಅಣ್ಣತಮ್ಮಂದಿರು ಹೆಚ್ಚುಕಮ್ಮಿ ಜೊತೆಜೊತೆಯಾಗೇ ಏರಿದ್ದರು.

ಹಾಗಾಗಿ ಮೊದಲು ಒಂದು ನೋಟ್‌ಬುಕ್ ತಗೊಂಡು ಅಜ್ಜಿ ಪಕ್ಕ ಕೂತುಕೊಳ್ಳಿ. ಯಾರು ದಪ್ಪ ಇದ್ದರು, ಯಾರಿಗೆ ಶುಗರ್ ಇತ್ತು ಅಂತ ಕೇಳಿದರೆ ಸಾಲದು, ಯಾವ ವಯಸ್ಸಿಗೆ ದಪ್ಪ ಆದರು, ಆಗ ಏನು ಕೆಲಸ ಮಾಡ್ತಿದ್ದರು ಅನ್ನೋದನ್ನೂ ಬರೆಯಿರಿ. ದಿನಾ ತೋಟದ ದರೆ ಹತ್ತಿ ಇಳಿಯುತ್ತಿದ್ದ ಅಜ್ಜ ಕೊನೆವರೆಗೂ ತೆಳ್ಳಗಿದ್ದು, ಅಪ್ಪ ಶಿವಮೊಗ್ಗದಲ್ಲಿ ಕುರ್ಚಿ ಕೆಲಸ ಸಿಕ್ಕ ಮೇಲೆ ಊದಿಕೊಂಡಿದ್ದರೆ, ಮನೆತನದ ಮೇಲೆ ಮಾತ್ರ ದೂರು ಹಾಕೋಕಾಗಲ್ಲ. ದುಡ್ಡು ಕೊಟ್ಟು ಜೀನ್ ಟೆಸ್ಟ್ ಮಾಡಿಸಬೇಕಾ? ನಾನಂತೂ ಬೇಡ ಅಂತೀನಿ. ತೂಕಕ್ಕೆ ಸಂಬಂಧಪಟ್ಟ ಜೀನುಗಳು ನೂರಾರು ಇವೆ, ಹೆಚ್ಚಿನವು ಒಂದೊಂದೂ ಮಾಡೋದು ಚೂರೇ ಚೂರು.

ಆಮೇಲೆ ಟೇಪು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಂಡರೆ ಮೋಸ ಯಾರಿಗೆ? ನಮ್ಮ ದೇಶದವರಿಗೆ ಗಂಡಸರಾದರೆ 90, ಹೆಂಗಸರಾದರೆ 80 ಸೆಂಟಿಮೀಟರ್ ಮಿತಿ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಇರುವವರೂ ಅಳೆಯಬೇಕು.

ಈಗ ಮುಖ್ಯ ಕೆಲಸ, ಮೈ ಅಲ್ಲಾಡಿಸೋದು. ದಪ್ಪಕ್ಕೆ ದಾರಿ ಮಾಡುವ ಜೀನುಗಳಲ್ಲಿ ಎಫ್‌ಟಿಒ ಅನ್ನೋದು ಹೆಸರುವಾಸಿ. ಇದರ ಅಪಾಯದ ಪ್ರತಿಯನ್ನು, ಅಂದರೆ ತೂಕ ಏರಿಸುವ ರೂಪವನ್ನು, ಅಪ್ಪ ಅಮ್ಮ ಇಬ್ಬರಿಂದಲೂ ಪಡೆದವರು ಅದು ಇಲ್ಲದವರಿಗಿಂತ ಸರಾಸರಿ 3 ಕೆಜಿ ಹೆಚ್ಚು ತೂಗುತ್ತಾರೆ ಅಂತ 2007ರಲ್ಲಿ ಗೊತ್ತಾಯಿತು. ರುತ್ ಲೂಸ್ ಅನ್ನೋ ವಿಜ್ಞಾನಿ ಮತ್ತು ಜೊತೆಗಾರರು 2011ರಲ್ಲಿ 2 ಲಕ್ಷಕ್ಕೂ ಹೆಚ್ಚು ವಯಸ್ಕರ ಲೆಕ್ಕ ಒಟ್ಟು ಹಾಕಿದಾಗ, ಚಟುವಟಿಕೆಯಿಂದ ಇರುವವರಲ್ಲಿ ಈ ಜೀನಿನ ಕಾಟ ಸುಮಾರು 27% ಕಡಿಮೆ ಕಂಡಿತು. ನನಗೆ ಇಷ್ಟವಾದ ವಿಷಯ ಬೇರೆ. ಅವರು ಸೋಮಾರಿಗಳ ಗುಂಪಿಗೆ ಹಾಕಿದ್ದು ಕೂತು ಕೆಲಸ ಮಾಡುತ್ತಾ, ವಾರಕ್ಕೆ ಒಂದು ಗಂಟೆಯೂ ಬೆವರು ಹರಿಸದವರನ್ನು. ಅಂದರೆ ಆ ಗುಂಪಿನಿಂದ ಹೊರಬರೋಕೆ ಮ್ಯಾರಥಾನ್ ಓಡಬೇಕಾಗಿಲ್ಲ! ಮನೆಯಿಂದ ಡೈರಿಗೆ ಹಾಲು ಹಾಕೋಕೆ ಬೈಕ್ ಬಿಟ್ಟು ಬಿರುಸಾಗಿ ನಡೆದರೂ ಲೆಕ್ಕಕ್ಕೆ ಬರುತ್ತೆ.

ಮಳೆಗಾಲದ ನೆಪ ನನಗೂ ಗೊತ್ತು. ಹೊರಗೆ ಜಡಿಮಳೆ, ಕಾಲಿಗೆ ಉಂಬಳ. ಆಗ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ, ಅಟ್ಟದ ಮೆಟ್ಟಿಲು ಹತ್ತಿ ಇಳಿಯಿರಿ.

ಇನ್ನು ಊಟ. ಎಫ್‌ಟಿಒದ ಅಪಾಯದ ಪ್ರತಿ ಇರುವವರಿಗೆ ಹಸಿವು ಜಾಸ್ತಿ, ಹೊಟ್ಟೆ ತುಂಬಿದ್ದು ಗೊತ್ತಾಗೋದು ನಿಧಾನ. ಅದಕ್ಕೇ ಕಡುಬಿನ ಪಾತ್ರೆ ಎದುರಿಗೆ ಇಟ್ಟುಕೊಂಡು ತಿನ್ನಬೇಡಿ. ಎರಡು ಬಡಿಸಿಕೊಂಡು ಪಾತ್ರೆ ಒಲೆ ಹತ್ತಿರವೇ ಬಿಡಿ. ಮೂರನೆಯದು ಬೇಕಾದರೆ ಎದ್ದು ಹೋಗಿ ತರಬೇಕು.