ಕಾಂಡ್ಲಾ ಎಣಿಸಿದ್ದು ಹೇಗೆ

ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ನೆಟ್ಟ ಜಾಗಗಳ ಮೌಲ್ಯಮಾಪನ ನನ್ನ ಪಾಲಿಗೆ ಬಂದಾಗ ಕೈಗೆ ಸಿಕ್ಕ ನಮೂನೆಯಲ್ಲಿದ್ದದ್ದು ಮೂರೇ ಕಲಂ: ನೆಟ್ಟ ಗಿಡ, ಉಳಿದ ಗಿಡ, ಹೀರಬಹುದಾದ ಇಂಗಾಲ. ‘ಪ್ರಕೃತಿ ಆಧಾರಿತ ಪರಿಹಾರ’ ಎಂಬ ಹೆಸರಿನಲ್ಲಿ ಹಣ ಕೊಡುವವರಿಗೆ ಅಷ್ಟು ಸಾಕು. ಗಜನಿ, ಅಂದರೆ ಉಪ್ಪುನೀರು ತಡೆಯಲು ಕಟ್ಟೆ ಹಾಕಿಕೊಂಡ ಅಳಿವೆಯಂಚಿನ ಗದ್ದೆಗಳ ರೈತರಿಗೆ ಸಾಲದು.

ಇಳಿತದ ಹೊತ್ತು ನೋಡಿ ಕೆಸರಿಗಿಳಿದೆ. ಹತ್ತು ಮೀಟರ್ ಉದ್ದಗಲದ ಚೌಕಗಳಿಗೆ ಹಗ್ಗ ಕಟ್ಟಿ, ಗಿಡದ ಸಂಖ್ಯೆಯ ಜೊತೆಗೆ ಅದು ನಿಂತ ನೆಲದ ಮಟ್ಟವನ್ನೂ ಬರೆದುಕೊಂಡೆ. ರೈಜೋಫೋರಾ ಎಂಬ ಕಾಂಡ್ಲಾ ಜಾತಿಯ ಕೋಡನ್ನು (ಮರದಲ್ಲೇ ಮೊಳೆತ ಉದ್ದನೆಯ ಸಸಿ) ಸಮುದ್ರದ ಸರಾಸರಿ ಮಟ್ಟಕ್ಕಿಂತ ಮೇಲೆ, ಉಬ್ಬರದ ಗೆರೆಯೊಳಗೆ ಊರಿದರೆ ಹಿಡಿಯುತ್ತದೆ. ತಗ್ಗಿನಲ್ಲಿ ನೆಟ್ಟವು ಬಹಳ ಹೊತ್ತು ಮುಳುಗಿ, ಮೈತುಂಬ ಬಾರ್ನಕಲ್ ಚಿಪ್ಪು ಹತ್ತಿ ಬಾಗಿದ್ದವು. ಉಗುರಿನಿಂದ ಕೆರೆದರೆ ತೊಗಟೆಯೂ ಎದ್ದುಬಂತು. ನಮೂನೆಯ ಪ್ರಕಾರ ಅವೂ ‘ಉಳಿದ’ ಗಿಡಗಳೇ, ಎರಡು ಎಲೆ ಹಸಿರಾಗಿದ್ದವಲ್ಲ!

ಆ ತಗ್ಗು ಕೆಸರೇ ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವ ಹೆಂಗಸರ ಜಾಗ. ಇಲ್ಲಿ ಕಾಡೆದ್ದರೆ ತಾವು ಎಲ್ಲಿಗೆ ಹೋಗಬೇಕೆಂದು ಅವರು ಕೇಳಿದರು. ‘ಮೊದಲು ಈ ಜಾಗ ಯಾರ ಬಳಕೆಯಲ್ಲಿತ್ತು’ ಎಂಬ ಕಲಂ ಸೇರಿಸಿದೆ. ಕಚೇರಿಯಲ್ಲಿ ಯಾಕೆಂದು ಕೇಳಿದಾಗ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್ ಇಂಥ ಪರಿಹಾರಗಳಿಗೆಂದೇ 2020ರಲ್ಲಿ ಹೊರತಂದ ಜಾಗತಿಕ ಮಾನದಂಡವನ್ನು ಮುಂದಿಟ್ಟೆ. ಅದರ 8 ಒರೆಗಲ್ಲುಗಳಲ್ಲಿ ಆರನೆಯದು ಒಂದನ್ನು ಪಡೆಯಲು ಮತ್ತೊಂದನ್ನು ಬಿಟ್ಟುಕೊಡುವಾಗ ನ್ಯಾಯ ಪಾಲಿಸಿದ್ದೀರಾ ಎಂದು ಕೇಳುತ್ತದೆ. ಹೆಂಗಸರು ಕೇಳಿದ್ದೂ ಅದನ್ನೇ. ಕಚೇರಿಗೆ ಕೇಳಿಸಿದ್ದು ಮಾತ್ರ ಇಂಗ್ಲಿಷ್ ಕಾಗದ.

ಕಾಂಡ್ಲಾ ಗಜನಿಯ ಕಟ್ಟೆಯನ್ನು ಕಾಯುತ್ತದೆಯೇ ಎಂದು ನೋಡಲು ರೈತರ ಅಳತೆಯನ್ನೇ ಎರವಲು ಪಡೆದೆ: ಮಳೆಗಾಲ ಕಳೆದ ಮೇಲೆ ದುರಸ್ತಿಗೆ ಎಷ್ಟು ಬುಟ್ಟಿ ಮಣ್ಣು ಬೇಕಾಯಿತು? ಒಂದೇ ಕೋಡಿಯ (ಅಳಿವೆಯ ನೀರು ಹರಿಯುವ ಕವಲಿನ) ದಂಡೆಯಲ್ಲಿ, ಹೊರಮೈಗೆ ಕಾಂಡ್ಲಾ ಇರುವ ಕಟ್ಟೆ ಮತ್ತು ಬೋಳು ಕಟ್ಟೆಯನ್ನು ಜೋಡಿ ಮಾಡಿ ಹೋಲಿಸಿದೆ. ಬೇರೆ ಬೇರೆ ಕೋಡಿಗಳ ಕಟ್ಟೆ ಹೋಲಿಸಿದರೆ ನೀರಿನ ಸೆಳೆತದ ವ್ಯತ್ಯಾಸವೂ ಗಿಡದ ಖಾತೆಗೆ ಜಮೆಯಾಗುತ್ತದೆ.

ಕಟ್ಟೆಯೊಳಗೆ ಬೆಳೆಯುವುದು ಕಗ್ಗ. ಉಪ್ಪಿಗೂ ನೆರೆಗೂ ತಾಳುವ ಈ ಭತ್ತ ಹವಾಮಾನದ ಏರುಪೇರಿಗೆ ಇಲ್ಲಿನವರು ಎಂದೋ ಕೊಟ್ಟ ಉತ್ತರ. ಹೊಸದಾಗಿ ಏನನ್ನೂ ನೆಡದ ಕಾರಣ ಅದು ಯಾವ ಯೋಜನೆಯ ‘ಸಾಧನೆ’ಯೂ ಅಲ್ಲ, ಹಟಕ್ಕೆ ಬಿದ್ದವನಂತೆ ವರದಿಯಲ್ಲಿ ಅದಕ್ಕೊಂದು ಅಧ್ಯಾಯ ಇಟ್ಟೆ. ಇಂಗಾಲದ ಕಲಂ ಖಾಲಿ ಬಿಟ್ಟೆ. ಕಾಂಡ್ಲಾ ಕಾಡಿನ ಇಂಗಾಲದ ಬಹುಪಾಲು ಕೆಸರಿನೊಳಗೆ ನಿಧಾನವಾಗಿ ಸೇರುವಂಥದ್ದು. ಮಣ್ಣಿನ ಮಾದರಿ ತೆಗೆಯದೆ, ಮೊಣಕಾಲೆತ್ತರದ ಗಿಡ ನೋಡಿ ಟನ್‌ಗಳಲ್ಲಿ ಬರೆಯಲು ನಾನು ಒಪ್ಪಲಿಲ್ಲ.