ಹಾರ್ಪರ್ಸ್ ಫೆರಿಗೆ ಹೋಗುವ ಹೊಸಬರಿಗೆ: ಸಂಗಮ ಅಂತ ನೀರಿಗಿಳಿಯಬೇಡಿ

ವರ್ಜೀನಿಯಾ, ಮೇರಿಲ್ಯಾಂಡ್ ಕಡೆ ಹೊಸದಾಗಿ ಬಂದಿದ್ದೀರಾ? ಪಕ್ಕದ ವೆಸ್ಟ್ ವರ್ಜೀನಿಯಾದ ಹಳೇ ಊರು ಹಾರ್ಪರ್ಸ್ ಫೆರಿಗೆ ಖಂಡಿತ ಹೋಗಿ. ಕಾರನ್ನು ಮೇಲೆ ವಿಸಿಟರ್ ಸೆಂಟರ್‌ನಲ್ಲಿ ಬಿಟ್ಟು, ದುಡ್ಡು ಕಟ್ಟಿ, ಪಾರ್ಕಿನ ಬಸ್ಸಿನಲ್ಲಿ ಕೆಳಗಿಳಿಯಿರಿ. ಕೊನೆಯ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿಟ್ಟುಕೊಳ್ಳಿ.

ನಾನು ಹೇಳಬೇಕಾದ್ದು ನೀರಿನ ವಿಷಯ. ಅಲ್ಲಿ ಶೆನಾಂಡೋವಾ ನದಿ ಪೊಟೊಮ್ಯಾಕ್ ಸೇರುತ್ತದೆ. ಎರಡು ನದಿ ಕೂಡಿದ ಜಾಗ ಅಂದರೆ ನಮಗೆ ಕೂಡಲಿ, ಕೂಡಲಸಂಗಮ. ತಲೆಗೆ ಮೂರು ಬೊಗಸೆ ನೀರು ಹಾಕಿಕೊಳ್ಳದೆ ಬರಲು ಮನಸ್ಸಾಗುವುದಿಲ್ಲ, ಅಲ್ವಾ? ಐದು ವರ್ಷದ ಮಗಳ ಕೈ ಹಿಡಿದು ಇಳಿದೆ. ನೀರು ನನ್ನ ಮೊಣಕಾಲಿಗೂ ಬರುತ್ತಿರಲಿಲ್ಲ. ಪಾಚಿಗಲ್ಲಿನ ಮೇಲೆ ಅವಳ ಕಾಲು ಜಾರಿತು, ಸೆಳೆತ ಎಳೆಯಿತು. ನನ್ನ ಕೈಗೆ ಸಿಕ್ಕಿದ್ದು ಫ್ರಾಕಿನ ತೋಳು ಮಾತ್ರ. ಮೀನು ಹಿಡಿಯುತ್ತಿದ್ದ ಒಬ್ಬರು ಓಡಿಬಂದು ಎತ್ತಿದರು. ಇಳಿಯಬೇಡಿ ಅನ್ನುವ ಬೋರ್ಡನ್ನು ನಾನು ಓದಿದ್ದೆ. ಓದಿಯೂ ಇಳಿದೆ. ಹನ್ನೊಂದು ವರ್ಷವಾಯಿತು, ಆ ಒದ್ದೆ ಬಟ್ಟೆ ಇನ್ನೂ ಕೈಯಲ್ಲೇ ಇದ್ದ ಹಾಗಿದೆ. ದಯವಿಟ್ಟು ಇಳಿಯಬೇಡಿ.

ನಡೆಯಿರಿ. ರೈಲು ಸೇತುವೆಯ ಪಕ್ಕದ ಕಾಲುದಾರಿಯಲ್ಲಿ ನದಿ ದಾಟಿ. ಜಾರ್ಜಿಯಾದಿಂದ ಮೇಯ್ನ್‌ವರೆಗೆ ಸುಮಾರು 2,200 ಮೈಲಿ ಹೋಗುವ ಅಪಲೇಚಿಯನ್ ಟ್ರೇಲ್ ಇದೇ. ಮೆಟ್ಟಿಲಿಳಿದರೆ ಹಳೇ ಸಿ ಅಂಡ್ ಓ (ಚೆಸಪೀಕ್ ಅಂಡ್ ಓಹಾಯೋ) ಕಾಲುವೆಯ ದಂಡೆ. ಬಲಕ್ಕೆ ತಿರುಗಿದರೆ ಸುಮಾರು 3 ಮೈಲಿ ಟ್ರೇಲೂ ಕಾಲುವೆ ದಾರಿಯೂ ಒಂದೇ. ಮಟ್ಟಸ ನೆಲ, ಊರಿಂದ ಬಂದ ಅಪ್ಪ ಅಮ್ಮನೂ ಆರಾಮಾಗಿ ನಡೆಯಬಹುದು. ದಾರಿ ತೋರಿಸಲು ಮರ, ಕಂಬಗಳ ಮೇಲೆ ಬಳಿದ ಬಿಳಿ ಪಟ್ಟಿ ನೋಡುತ್ತಾ ಹೋಗಿ. ಒಂದರ ಮೇಲೊಂದು ಎರಡು ಪಟ್ಟಿ ಕಂಡರೆ ತಿರುವು ಅಂತ. ಆಮೇಲೆ ಟ್ರೇಲ್ ಎಡಕ್ಕೆ ವೆವರ್ಟನ್ ಬಂಡೆಗಳತ್ತ ಏರುತ್ತದೆ. ಚಪ್ಪಲಿ ಹಾಕಿದವರು ಅಲ್ಲಿಂದ ವಾಪಸ್ ಬನ್ನಿ. ಮನೆಗೆ ಬಂದಮೇಲೆ ಮಕ್ಕಳ ಮೈಮೇಲೆ ಉಣ್ಣಿ ಇದೆಯಾ ಅಂತ ನೋಡಿ.

ಈ ಕಾಲುವೆ ಮೇಲೆ ನನಗೆ ಪ್ರೀತಿ ಜಾಸ್ತಿ. 1828ರ ಜುಲೈ 4ರಂದು ಕಾಲುವೆಯ ಕೆಲಸವೂ ಪಕ್ಕದ ರೈಲಿನ ಕೆಲಸವೂ ಒಂದೇ ದಿನ ಶುರುವಾದವು. ರೈಲು 1842ಕ್ಕೇ ಮೇರಿಲ್ಯಾಂಡಿನ ಪಶ್ಚಿಮದ ಕಂಬರ್‌ಲ್ಯಾಂಡ್ ಮುಟ್ಟಿತು, ಕಾಲುವೆ 1850ಕ್ಕೆ. ಆದರೂ 1924ರ ಪ್ರವಾಹದವರೆಗೆ ಕಲ್ಲಿದ್ದಲಿನ ದೋಣಿಗಳು ಓಡಾಡಿದವು. ದಂಡೆ ಮೇಲಿಂದ ಎಳೆಯುತ್ತಿದ್ದುದು ಹೇಸರಗತ್ತೆಗಳು. ಎಷ್ಟೋ ಸಲ ಅವುಗಳ ಜೊತೆ ನಡೆಯುತ್ತಿದ್ದವರು ದೋಣಿಯವರ ಮಕ್ಕಳೇ. ದೋಣಿಯೇ ಅವರ ಮನೆ. ಕೆಲವು ಲಾಕುಗಳ (ನೀರು ತುಂಬಿಸಿ, ಇಳಿಸಿ ದೋಣಿಯನ್ನು ಮೇಲೆ ಕೆಳಗೆ ಮಾಡುವ ಬಾಗಿಲುಳ್ಳ ತೊಟ್ಟಿಗಳ) ಕಲ್ಲಂಚಿನಲ್ಲಿ ಹಗ್ಗ ಉಜ್ಜಿದ ಗೆರೆಗಳಿವೆ. ನಮ್ಮಜ್ಜಿ ಮನೆ ಬಾವಿಕಟ್ಟೆಯಲ್ಲಿ ಇದ್ದ ಹಾಗೇ. ಬೆರಳಿಟ್ಟರೆ ಬೆರಳು ಕೂರುತ್ತದೆ.

ಮಗಳು ಪೊಟೊಮ್ಯಾಕನ್ನು ‘ನಮ್ಮ ಹೊಳೆ’ ಅನ್ನುತ್ತಾಳೆ. ನನಗೆ ನಮ್ಮ ಹೊಳೆ ಅಂದರೆ ತುಂಗೆ. ಮೊದಮೊದಲು ಸಂಕಟವಾಗುತ್ತಿತ್ತು. ಇಲ್ಲೇ ಬೆಳೆದವಳು, ಬೇರೆ ಯಾವ ಹೊಳೆಯನ್ನು ತನ್ನದು ಅಂದಾಳು?

ಕಳೆದ ತಿಂಗಳು ಮತ್ತೆ ಹೋಗಿದ್ದೆವು. ದಂಡೆ ಮೇಲೆ ಕೂತು ಪುಳಿಯೋಗರೆ ಬಿಚ್ಚಿದೆವು. ಜಾರ್ಜಿಯಾದಿಂದ ನಡೆದು ಬಂದ ಹುಡುಗನೊಬ್ಬ ಪಕ್ಕದಲ್ಲಿ ಚೀಲ ಇಳಿಸಿದ. ಅವಳೇ ಒಂದು ಡಬ್ಬಿ ಕೊಟ್ಟಳು. ಯಾವ ಊರು ಅಂತ ಕೇಳಿದ.

‘ನಾನು ಇಲ್ಲಿಯವಳು. ಅಪ್ಪ ಶಿವಮೊಗ್ಗದವರು’ ಅಂದಳು.